ಬೀರುವಿನೊಳಗಿನ ತಂಗಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸರ್ಕಾರಿ ಪ್ರೌಢಶಾಲೆಯ ವರಾಂಡದ ಕೊನೆಯ ಕೋಣೆಯ ಬೀಗ ತೆಗೆದು ಕೀಲಿ ಅಕ್ಕ ಒಳಗೆ ಕಾಲಿಡುತ್ತಾರೆ. ಸ್ಪಿರಿಟ್ಟಿನ ವಾಸನೆ, ರಾತ್ರಿಯೆಲ್ಲ ಮುಚ್ಚಿಟ್ಟ ಕೋಣೆಯ ವಾಸನೆ. ದೀಪ ಹಾಕುವುದಿಲ್ಲ. ಮೇಜುಗಳ ನಡುವೆ ಮಬ್ಬಿನಲ್ಲೇ ದಾರಿ ಮಾಡಿಕೊಂಡು ಮೂಲೆಯ ಮರದ ಬೀರುವಿನ ಎದುರು ನಿಲ್ಲುತ್ತಾರೆ. ಬೀರುವಿನ ಬಾಗಿಲು ಒಂದು ಬೆರಳಿನಷ್ಟು ತೆರೆದಿದೆ. ಅಕ್ಕ ಮೊದಲು ಅದನ್ನು ಮೆಲ್ಲಗೆ ಮುಚ್ಚಿ ಚಿಲಕ ಹಾಕುತ್ತಾರೆ. ಆಮೇಲೆ ನೆಂಟರ ಮನೆಯ ಕದ ತಟ್ಟುವ ಹಾಗೆ ಬೆರಳ ಗಿಣ್ಣಿನಿಂದ ತಟ್ಟಿ, "ತಂಗೀ, ಬೆಳಗಾಯ್ತು. ತೆಗೀಲಾ?" ಎಂದು ಕೇಳುತ್ತಾರೆ. ಕೇಳಿ ಸುಮ್ಮನೆ ನಿಲ್ಲುತ್ತಾರೆ.

ತೆರೆದಿದ್ದ ಬಾಗಿಲನ್ನು ಮುಚ್ಚಿ, ತಟ್ಟಿ, ಮತ್ತೆ ತೆರೆಯುವುದು ಯಾವ ನಮೂನೆಯ ಕೆಲಸ ಎಂದು ನನಗೆ ಅರ್ಥವಾಗುವುದಿಲ್ಲ. ಉತ್ತರಕ್ಕೆ ಕಾಯುವವರ ಮುಖ ಹೇಗಿರುತ್ತದೆ ನೋಡಿ, ತುಸು ಓರೆಯಾಗಿ, ಕಿವಿ ಮುಂದಾಗಿ, ಹಾಗೆ ನಿಂತಿದ್ದಾರೆ. ಏನು ಕೇಳಿಸಿತೋ, ಅಕ್ಕ ತಲೆಯಾಡಿಸಿ ಚಿಲಕ ಸರಿಸುತ್ತಾರೆ. ಒಳಗೆ ಕಬ್ಬಿಣದ ಕೊಕ್ಕೆಗೆ ನೇತುಹಾಕಿದ ಅಸ್ಥಿಪಂಜರ. ಪ್ಲಾಸ್ಟಿಕ್ಕಿನದಲ್ಲ. ಒಂದು ಕಾಲದಲ್ಲಿ ನಮ್ಮ ನಿಮ್ಮ ಹಾಗೆ ಉಂಡು, ಮಲಗಿ, ಎದ್ದು ಓಡಾಡಿದ ಮನುಷ್ಯರದ್ದು.

ಫ್ಲಾಸ್ಕಿನಿಂದ ಬಿಸಿನೀರನ್ನು ಬಟ್ಟಲಿಗೆ ಸುರಿದು, ತಣ್ಣೀರು ಬೆರೆಸಿ, ಕೈ ಅದ್ದಿ ಹದ ನೋಡುತ್ತಾರೆ. ಹಳೆಯ ಹತ್ತಿ ಬಟ್ಟೆಯನ್ನು ಚೆನ್ನಾಗಿ ಹಿಂಡಿ ತಲೆಯಿಂದ ಶುರುಮಾಡುತ್ತಾರೆ. ಹುಬ್ಬಿನ ಏಣು, ಕಣ್ಣಿನ ಗುಳಿ, ಹಲ್ಲು, ಕೊರಳು, ಆಮೇಲೆ ಒಂದೊಂದೇ ಪಕ್ಕೆಲುಬು. ತಂತಿ ಸಡಿಲಾದ ಕಡೆ ಇಕ್ಕಳದಿಂದ ಬಿಗಿಮಾಡುತ್ತಾರೆ. ಎಡ ಮುಂಗೈಗೆ ಬಂದಾಗ ಕೈ ನಿಧಾನವಾಗುತ್ತದೆ. ಅಲ್ಲಿ ಮೂಳೆ ಗಂಟು ಕಟ್ಟಿಕೊಂಡಿದೆ, ಎಂದೋ ಮುರಿದು ಕೂಡಿದ ಗುರುತು. "ಒದ್ದೆ ಮಾಡಬೇಡಿ, ಒಣ ಬಟ್ಟೆ ಸಾಕು ಅಂತಾರೆ ಟೀಚರ್," ಎನ್ನುತ್ತಾರೆ ಅಕ್ಕ. "ಅವರು ಹೇಳೋದೂ ಸರಿನೇ. ಆದ್ರೆ ಇಂಥ ಚಳೀಲಿ ತಣ್ಣಗಿರೋ ಬಟ್ಟೆ ಮೈಗೆ ಸೋಕಿದ್ರೆ ಯಾರಿಗೆ ಹಿತ, ನೀವೇ ಹೇಳಿ."

ಎಲೆಮರೆಯ ಕಾಯಿಗಳನ್ನು ಹುಡುಕಿಕೊಂಡು ಅಲೆಯುವುದು ನನ್ನ ಹೊಟ್ಟೆಪಾಡು. ಹೂವಿನವರು, ಚರಂಡಿಯವರು, ಸೇತುವೆಯ ದೀಪ ಹಚ್ಚುವವರು, ಎಲ್ಲರ ಬಗ್ಗೆಯೂ ಪತ್ರಿಕೆಗೆ ಬರೆದಾಯಿತು. ಈ ಬಾರಿ ಒಬ್ಬರನ್ನು ನೋಡಲು ಬಂದು ಇಬ್ಬರ ಎದುರು ಕೂತಿದ್ದೇನೆ ಅನ್ನಿಸುತ್ತಿದೆ. ಮೊದಲೇ ಹೇಳಿಬಿಡುತ್ತೇನೆ, ದೆವ್ವಭೂತ ನಂಬುವ ಜಾಯಮಾನ ನನ್ನದಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುವುದಷ್ಟೇ.

ಕೀಲಿ ಅಕ್ಕ ಈ ಶಾಲೆಯ ಪ್ರಯೋಗಾಲಯದ ಅಟೆಂಡರ್. ಗಾಜಿನ ಕೊಳವೆ ತೊಳೆಯುವುದು, ಬರ್ನರ್ ಒರೆಸುವುದು, ಕಪ್ಪೆಯ ಜಾಡಿಗಳಿಗೆ ದ್ರಾವಣ ತುಂಬುವುದು, ಆಸಿಡ್ ಬಾಟಲಿಗಳನ್ನು ಮಕ್ಕಳ ಕೈಗೆ ಸಿಗದಂತೆ ಎತ್ತಿಡುವುದು. ಇಡೀ ಶಾಲೆಯ ಬೀಗದ ಕೈಗಳ ಗೊಂಚಲು ಸೊಂಟದಲ್ಲಿ ಜೋತಾಡುವುದರಿಂದ ಆ ಹೆಸರು. ಎಂಟನೇ ತರಗತಿಯ ಮಕ್ಕಳಿಂದ ಹಿಡಿದು ಮುಖ್ಯೋಪಾಧ್ಯಾಯಿನಿಯವರೆಗೆ ಎಲ್ಲರಿಗೂ ಅವರು ಅಕ್ಕ. ಗಂಡ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ. ಒಡಹುಟ್ಟಿದವರೆಂದರೆ ಒಬ್ಬ ಅಣ್ಣ, ಗೋಡೆಗೆ ಗೋಡೆ ಅಂಟಿದ ಪಕ್ಕದ ಮನೆಯಲ್ಲೇ ಇದ್ದಾರೆ. ಬಡಗಿ. ಈ ಬೀರುವನ್ನು ಶಾಲೆಗೆ ಮಾಡಿಕೊಟ್ಟವರೂ ಅವರೇ. ಒಳಗೆ ಏನು ಇಡುತ್ತಾರೆ ಎಂದು ಆಗ ಅವರು ಕೇಳಲಿಲ್ಲ, ಅವರಿಗೆ ಯಾರೂ ಹೇಳಲಿಲ್ಲ.

ಅಕ್ಕನ ಮತದಲ್ಲಿ ಸತ್ತವರನ್ನು ಮಣ್ಣಿಗಿಡುವ ಮುಂಚೆ ಒಂದು ಕರೆ ಇದೆ. ಹತ್ತಿರದವರು ಯಾರಾದರೂ ಗುಂಡಿಯ ಅಂಚಿನಲ್ಲಿ ನಿಂತು ಕೂಗಿ ಹೇಳಬೇಕು: ಅಪ್ಪಾ, ದಾರಿ ತೆರೆದಿದೆ, ನಡಿ. ಅಪ್ಪನಾದರೆ ಅಪ್ಪಾ, ಅತ್ತೆಯಾದರೆ ಅತ್ತೇ. ಹೆಸರು ಹಿಡಿದು ಕರೆಯುವಂತಿಲ್ಲ. "ಹೆಸರು ಇಲ್ಲೇ ಬಿಟ್ಟು ಹೋಗೋದು. ಸಂಬಂಧ ಜೊತೆಗೆ ಬರೋದು," ಎಂದು ಅಕ್ಕ ವಿವರಿಸುತ್ತಾರೆ. ಕರೆಯದಿದ್ದರೆ ಸತ್ತವರು ಹೊರಡುವುದಿಲ್ಲ. ತಪ್ಪು ಸಂಬಂಧ ಹೇಳಿ ಕರೆದರೂ ಹೊರಡುವುದಿಲ್ಲ. ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡು ಅಲ್ಲೇ ನಿಂತಿರುತ್ತಾರೆ. ತಿರುಗಿ ತಿರುಗಿ ನೋಡುತ್ತಾ.

ಇಂಥ ನಂಬಿಕೆಯಲ್ಲಿ ಬೆಳೆದ ಹೆಂಗಸಿಗೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಈ ಬೀರು ಒರೆಸಲು ಹೇಳಿದರು. ಬಾಗಿಲು ತೆಗೆದವರು ಹಾಗೇ ಹಿಂದಕ್ಕೆ ಸರಿದು ಮೇಜಿಗೆ ಡಿಕ್ಕಿ ಹೊಡೆದರಂತೆ. ಮಣ್ಣು ಕಾಣದ, ಕರೆ ಕೇಳದ ಹೆಣ! ಎಲ್ಲಿಂದ ಬಂತು, ಯಾರದ್ದು, ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲ. ಮಕ್ಕಳು ಅದನ್ನು ಬಡಕಲಣ್ಣ ಎನ್ನುತ್ತಿದ್ದರು. ಆ ರಾತ್ರಿ ಅಕ್ಕ ಊಟ ಮಾಡಲಿಲ್ಲ. ಮರುದಿನ ಬೇಗ ಬಂದು, ಯಾರೂ ಇಲ್ಲದ ಹೊತ್ತಿನಲ್ಲಿ ಬೀರು ತೆಗೆದು, ತಮ್ಮ ಕೈಲಾದದ್ದನ್ನು ಮಾಡಿದರು. ಅಣ್ಣಾ, ದಾರಿ ತೆರೆದಿದೆ, ನಡಿ ಎಂದರು. ಅಂದಿನಿಂದ ಹತ್ತೊಂಬತ್ತು ವರ್ಷ ಒಂದು ದಿನವೂ ತಪ್ಪದೆ ಅದನ್ನೇ ಹೇಳಿದರು. ಆ ಹತ್ತೊಂಬತ್ತು ವರ್ಷವೂ ಬೀರುವಿನ ಬಾಗಿಲು ಸಂಜೆ ಹಾಕಿದ್ದು ಬೆಳಿಗ್ಗೆ ಹಾಕಿದ ಹಾಗೇ ಇರುತ್ತಿತ್ತು.

ಎರಡು ವರ್ಷದ ಹಿಂದೆ ಹೊಸ ವಿಜ್ಞಾನದ ಟೀಚರ್ ಬಂದರು. ವಯಸ್ಸು ಚಿಕ್ಕದು, ಉತ್ಸಾಹ ದೊಡ್ಡದು. ಒಂದು ಮಧ್ಯಾಹ್ನ ಗಂಡಸಿನ ಮತ್ತು ಹೆಂಗಸಿನ ಸೊಂಟದ ಮೂಳೆಗೆ ಏನು ವ್ಯತ್ಯಾಸ ಎಂದು ಪಾಠ ಮಾಡುತ್ತಿದ್ದರು. ಬಡಕಲಣ್ಣನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಗಂಡಸಿಗೆ ಇಲ್ಲಿ ಕಿರಿದು, ಹೆಂಗಸಿಗೆ ಅಗಲ ಎಂದು ಕೋಲಿನಿಂದ ತೋರಿಸಲು ಹೋದವರು ಅರ್ಧಕ್ಕೇ ನಿಂತರು. ಬಗ್ಗಿ ನೋಡಿದರು. ಪುಸ್ತಕದ ಚಿತ್ರ ನೋಡಿದರು. ಮತ್ತೆ ಬಗ್ಗಿ ನೋಡಿ, "ಮಕ್ಕಳೇ, ಇದು ಅಣ್ಣ ಅಲ್ಲ," ಎಂದರು. ಹೆಂಗಸು, ಅದೂ ಸಣ್ಣ ವಯಸ್ಸಿನವಳು, ಇಪ್ಪತ್ತರ ಆಸುಪಾಸು ಇರಬಹುದು ಎಂದೂ ಹೇಳಿದರು. ತರಗತಿ ನಕ್ಕೂ ನಕ್ಕೂ ಸುಸ್ತಾಯಿತು. ಟೀಚರಿಗೂ ನಗು ತಡೆಯಲಾಗಲಿಲ್ಲ. ಬಾಗಿಲ ಬಳಿ ಗಾಜಿನ ಲೋಟಗಳ ತಟ್ಟೆ ಹಿಡಿದು ನಿಂತಿದ್ದ ಅಕ್ಕ ಮಾತ್ರ ನಗಲಿಲ್ಲ. ತಟ್ಟೆಯನ್ನು ಹತ್ತಿರದ ಮೇಜಿನ ಮೇಲಿಟ್ಟು ಅವರು ಹೊರಗೆ ನಡೆದುಬಿಟ್ಟದ್ದನ್ನು ಟೀಚರ್ ಈಗಲೂ ನೆನೆಯುತ್ತಾರೆ.

"ಹತ್ತೊಂಬತ್ತು ವರ್ಷ ನಾನು ಯಾರನ್ನ ಕರೆದೆ?" ಎಂದು ಅಕ್ಕ ನನ್ನನ್ನೇ ಕೇಳುತ್ತಾರೆ. "ಇವಳು ಇಲ್ಲೇ ನಿಂತು, ಯಾರಪ್ಪಾ ಆ ಅಣ್ಣ ಅಂತ ನೋಡ್ತಾ ಇದ್ದಿರಬೇಕು. ಪಾಪದ್ದು."

ಮರುದಿನ ಬೆಳಿಗ್ಗೆ ಅಕ್ಕ ಕರೆಯನ್ನು ತಿದ್ದಿದರು. ತಂಗೀ, ದಾರಿ ತೆರೆದಿದೆ, ನಡಿ. ಅದರ ಮರುದಿನ ಬಂದು ನೋಡಿದರೆ ಬೀರುವಿನ ಬಾಗಿಲು ಒಂದು ಬೆರಳಿನಷ್ಟು ತೆರೆದಿತ್ತು. ಅಂದಿನಿಂದ ದಿನವೂ ಹಾಗೇ. ಗಂಡು ಮಕ್ಕಳು ಕಿಟಕಿಯಲ್ಲಿ ಇಣುಕಬಾರದೆಂದು ಒರೆಸುವ ಹೊತ್ತಿನಲ್ಲಿ ಅಕ್ಕ ಪರದೆ ಎಳೆಯತೊಡಗಿದ್ದೂ ಆಗಲೇ.

ಬಾಗಿಲಿನ ವಿಷಯ ಕೇಳಿದರೆ ಟೀಚರ್ ಬಳಿ ಉತ್ತರ ಸಿದ್ಧವಿದೆ. ಹಳೆಯ ಮರ, ತೇವಕ್ಕೆ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಚಿಲಕ ಜಾರುತ್ತದೆ. ನನಗೂ ಒಪ್ಪಿಗೆಯಾದ ಮಾತು. ಬಡಗಿಯ ಬಾಯಿಂದಲೇ ಅದನ್ನು ಕೇಳಿಬಿಡೋಣ ಎಂದು ಅಕ್ಕನ ಅಣ್ಣನ ಮನೆಗೆ ಹೋದೆ. ಅಲ್ಲಿಗೆ ಹೋಗಲು ಇನ್ನೊಂದು ಕಾರಣವೂ ಇತ್ತು. ಅಣ್ಣ ತಂಗಿ ಈಗ ಮಾತು ಬಿಟ್ಟಿದ್ದಾರೆ.

ಅವರ ಮತದ ಹಿರಿಯರಲ್ಲಿ ಅಣ್ಣನೂ ಒಬ್ಬರು. ಹೋದ ವರ್ಷ ಕೆಲವು ತಂದೆತಾಯಿಗಳು ಶಾಲೆಗೆ ಬಂದು, ಹೂಳದ ದೇಹ ಇಟ್ಟುಕೊಂಡು ನಮ್ಮ ಮಕ್ಕಳಿಗೆ ಪಾಠ ಮಾಡುವುದು ನಮ್ಮ ನಂಬಿಕೆಗೆ ವಿರುದ್ಧ ಎಂದರು. ಆ ಪಾಠದ ದಿನ ನಾಲ್ಕಾರು ಮಕ್ಕಳು ವರಾಂಡದಲ್ಲಿ ಕೂರತೊಡಗಿದರು. ಕೊನೆಗೆ ಸಭೆ ಸೇರಿತು. ಇದನ್ನು ಮಣ್ಣಿಗಿಟ್ಟು ಬದಲಿಗೆ ಪ್ಲಾಸ್ಟಿಕ್ ಗೊಂಬೆ ತರಿಸಿ ಎಂದು ಅಣ್ಣ ಹಿರಿಯರ ಪರವಾಗಿ ಮಾತಾಡಿದರು, ಟೀಚರ್ ಶಾಲೆಯ ಪರವಾಗಿ. ಇಬ್ಬರೂ ಕೂಗಾಡಲಿಲ್ಲ, ಇಬ್ಬರೂ ಬಗ್ಗಲಿಲ್ಲ. ಮುಖ್ಯೋಪಾಧ್ಯಾಯಿನಿ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಸುತ್ತಲೂ ನೋಡಿ, ದಿನಾ ಅದನ್ನು ಮುಟ್ಟುವವರು ಅಕ್ಕ, ಎರಡೂ ಕಡೆ ಬಲ್ಲವರು, ಅವರೇ ಹೇಳಲಿ ಎಂದುಬಿಟ್ಟರು. ಅಡಕತ್ತರಿಯಲ್ಲಿ ಸಿಕ್ಕಿದ್ದು ಸಭೆಗೆ ಚಹಾ ಕೊಡಲು ಬಂದ ಅಕ್ಕ.

ಅಲ್ಲಿ ಅಕ್ಕ ಏನು ಹೇಳಿದರು ಎನ್ನುವ ಮುಂಚೆ ಅವರ ಎಡಗೈಯ ಕಥೆ ಹೇಳಬೇಕು. ಚಿಕ್ಕವರಿದ್ದಾಗ ಪ್ರಾರ್ಥನೆಯ ಹೊತ್ತಿನಲ್ಲಿ ತಪ್ಪಿಸಿಕೊಂಡು ಹೋಗಿ ಗೋಡೆ ಹತ್ತಿ ಬಿದ್ದು ಮುಂಗೈ ಮುರಿದುಕೊಂಡಿದ್ದರು. ದೇವರ ಮನೆ ಬಿಟ್ಟು ಓಡಿದ್ದಕ್ಕೆ ಶಿಕ್ಷೆ ಎಂದರು ದೊಡ್ಡವರು. ಕೈ ತುಸು ಡೊಂಕಾಗಿ ಕೂಡಿತು. ಆ ಡೊಂಕನ್ನು ಅವರು ಐವತ್ತು ವರ್ಷ ತೋಳಿನ ಬಟ್ಟೆ ಎಳೆದು ಮುಚ್ಚಿಕೊಂಡೇ ಬದುಕಿದರು. ಹೀಗಿರುವಾಗ ಒಂದು ದಿನ ಟೀಚರ್ ಬೀರುವಿನವಳ ಎಡ ಮುಂಗೈ ಎತ್ತಿ, ಆ ಗಂಟನ್ನು ಮಕ್ಕಳಿಗೆ ಮುಟ್ಟಿಸಿ, ಬಿದ್ದರೆ ಯಾರ ಮೂಳೆಯಾದರೂ ಮುರಿಯುತ್ತದೆ, ಬಿಟ್ಟರೆ ಯಾರ ಮೂಳೆಯಾದರೂ ಕೂಡುತ್ತದೆ, ಒಳ್ಳೆಯವರು ಕೆಟ್ಟವರು ಎಂದು ಅದು ನೋಡುವುದಿಲ್ಲ ಎಂದರು. ಅಕ್ಕ ಬಾಗಿಲಲ್ಲಿ ನಿಂತು ಕೇಳಿದರು. ಎಡಗೈ, ಅದೇ ಜಾಗ. ಆ ದಿನ ತೊಳೆಯುವ ತೊಟ್ಟಿಯ ಮುಂದೆ ನಿಂತು ನಲ್ಲಿ ಬಿಟ್ಟುಕೊಂಡು ಅತ್ತರಂತೆ.

ಆದ್ದರಿಂದ ಸಭೆಯಲ್ಲಿ ಅಕ್ಕ, "ಇರ್ಲಿ," ಎಂದರು. "ಗೊಂಬೆಯ ಕೈ ಯಾವತ್ತೂ ಮುರಿದಿರಲ್ಲ. ಮಕ್ಕಳು ಇವಳ ಕೈ ಮುಟ್ಲಿ."

ಅಣ್ಣ ಎದ್ದು ನಿಂತು, ತಂಗಿಯ ಮುಖ ನೋಡದೆ, ಹಾಗಾದರೆ ನಿನ್ನ ಹೊತ್ತು ಬಂದಾಗ ನಾನು ಕರೆಯುವುದಿಲ್ಲ ಎಂದು ಹೇಳಿ ಹೊರಟುಹೋದರು. ಹೊರಗಿನವರಿಗೆ ಇದು ಸಿಟ್ಟಿನ ಮಾತು. ಆ ಮತದವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಕರೆಯಲು ಅಕ್ಕನಿಗೆ ಬೇರೆ ಯಾರಿದ್ದಾರೆ?

ಅಣ್ಣನ ಮನೆಯ ಅಂಗಳದಲ್ಲಿ ಮರದ ಹೊಟ್ಟಿನ ವಾಸನೆ. ಅವರು ಕಲ್ಲುಮನಸ್ಸಿನವರಲ್ಲ ಎಂಬುದು ಕೂತ ಸ್ವಲ್ಪ ಹೊತ್ತಿಗೇ ಗೊತ್ತಾಗುತ್ತದೆ. ಉಜ್ಜುಗೊರಡಿನ ಅಲಗನ್ನು ಬೆರಳಿನಿಂದ ಸವರುತ್ತಾ, ಪಾಠ ಬೇಡ ಎಂದು ತಾವು ಹೇಳಿಲ್ಲ ಎನ್ನುತ್ತಾರೆ. ಮೂಳೆ ಎಷ್ಟು, ಹೇಗೆ ಕೂಡಿವೆ, ಎಲ್ಲ ಕಲಿಯಲಿ. ತಾವು ಮಾಡುವ ಕುರ್ಚಿಗೂ ಕೀಲು ಇಲ್ಲವೇ? "ಆದ್ರೆ ಅವಳು ಯಾರದೋ ಮನೆ ಮಗಳು. ಕೊಕ್ಕೆಗೆ ನೇತು ಹಾಕಿಸ್ಕೋತೀನಿ ಅಂತ ಅವಳು ಒಪ್ಪಿದ್ದಳಾ? ಅದನ್ನ ಯಾರಾದ್ರೂ ಕೇಳಿದ್ರಾ?" ಯಾರೂ ಕೇಳಿಲ್ಲವೆಂದು ಟೀಚರ್ ಆಮೇಲೆ ತಾವೇ ಒಪ್ಪಿಕೊಂಡರು. ತಂಗಿಯ ಕೈ ಮುರಿದ ದಿನ ಅವಳನ್ನು ಬೆನ್ನ ಮೇಲೆ ಹೊತ್ತು ಮನೆಗೆ ತಂದವರು ಈ ಅಣ್ಣನೇ. ಈಗಲೂ ಅತ್ತಿಗೆ ಗೋಡೆಯ ಮೇಲಿಂದ ಸಾರಿನ ಪಾತ್ರೆ ದಾಟಿಸುತ್ತಾರೆ, ಅಣ್ಣ ಅದನ್ನು ನೋಡಿಯೂ ನೋಡದಂತೆ ಇರುತ್ತಾರೆ.

ಹೊರಡುವ ಮುಂಚೆ ಚಿಲಕದ ವಿಷಯ ತೆಗೆದೆ. ಮರ ಕುಗ್ಗಿ ಜಾರುತ್ತಿರಬಹುದೇ ಎಂದೆ. ಅವರ ಕೈ ಅಲಗಿನ ಮೇಲೆ ನಿಂತಿತು. "ನಾನು ಹಾಕಿದ ಚಿಲಕ ತಾನಾಗಿ ತೆರೆಯಲ್ಲ. ಹೊರಗಿನಿಂದ ಎತ್ತಿ ಸರಿಸ್ಬೇಕು," ಎಂದರು. ಹಾಗಾದರೆ ದಿನಾ ತೆರೆದಿರುತ್ತದಲ್ಲ ಎಂದೆ. ಅಣ್ಣ ಉಜ್ಜುಗೊರಡನ್ನು ಕೆಳಗಿಟ್ಟರು. ಆಮೇಲೆ ಸಣ್ಣ ದನಿಯಲ್ಲಿ ಒಂದೇ ಮಾತು ಕೇಳಿದರು: "ಎಷ್ಟು ತೆರೆದಿರುತ್ತೆ?" ನಾನು ಬೆರಳು ತೋರಿಸಿದೆ. ಅವರು ಒಳಗೆ ಹೋಗಿಬಿಟ್ಟರು.

ನನ್ನ ತಲೆ ಸುಮ್ಮನಿರುವ ತಲೆಯಲ್ಲ. ಬೀಗದ ಕೈ ಇರುವುದು ಅಕ್ಕನ ಸೊಂಟದಲ್ಲಿ, ನಂಬಿಕೆ ಇರುವುದೂ ಅವರಿಗೇ. ತಾವೇ ಬೆಳಿಗ್ಗೆ ತೆಗೆದು ಮರೆಯುತ್ತಿರಬಾರದೇಕೆ? ನನ್ನ ಮುಖದಲ್ಲೇ ಅನುಮಾನ ಓದಿಕೊಂಡ ಅಕ್ಕ ನಕ್ಕು, ಆ ಸಂಜೆ ಇಡೀ ಗೊಂಚಲನ್ನು ನನ್ನ ಕೈಗೆ ಕೊಡುತ್ತಾರೆ. ಬೀರುವಿನ ಚಿಲಕವನ್ನು ನಾನೇ ಹಾಕುತ್ತೇನೆ, ಎರಡು ಸಲ ಎಳೆದು ನೋಡುತ್ತೇನೆ. ಕೋಣೆಯ ಬೀಗ, ಗೇಟಿನ ಬೀಗ, ಎರಡೂ ನಾನೇ ಜಡಿಯುತ್ತೇನೆ. ಗೊಂಚಲನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತೇನೆ. ನಿದ್ದೆಯ ಮಾತು ಕೇಳಬೇಡಿ.

ಬೆಳಿಗ್ಗೆ ಅಕ್ಕ ಗೇಟಿನ ಹೊರಗೆ ಫ್ಲಾಸ್ಕ್ ಹಿಡಿದು ಕಾಯುತ್ತಿದ್ದಾರೆ. ಗೇಟು ತೆಗೆದು ಒಳಗೆ ಬಂದು, ಹೊತ್ತಿಗೆ ಮುಂಚೆ ಮಕ್ಕಳು ನುಗ್ಗದಿರಲೆಂದು ಒಳಗಿನಿಂದ ಮತ್ತೆ ಬೀಗ ಹಾಕುತ್ತೇನೆ. ವರಾಂಡದಲ್ಲಿ ನಮ್ಮಿಬ್ಬರ ಹೆಜ್ಜೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಕೋಣೆಯ ಬೀಗ ನಿನ್ನೆ ಹಾಕಿದ ಹಾಗೇ ಇದೆ. ತೆಗೆದು ಒಳಗೆ ನೋಡುತ್ತೇನೆ. ಬೀರುವಿನ ಬಾಗಿಲು ಒಂದು ಬೆರಳಿನಷ್ಟು ತೆರೆದಿದೆ.

ಹೆದರಿಕೆಯಾಯಿತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಕಾರಣ ಇದ್ದೇ ಇರುತ್ತದೆ, ನನಗೆ ಹೊಳೆಯುತ್ತಿಲ್ಲ ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡು, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂರುತ್ತೇನೆ. ಅಕ್ಕನಿಗೆ ಗಾಬರಿಯಿಲ್ಲ, ಗೆದ್ದ ಬಿಂಕವೂ ಇಲ್ಲ. ಬಾಗಿಲು ಮುಚ್ಚುತ್ತಾರೆ, ತಟ್ಟುತ್ತಾರೆ, ಕೇಳುತ್ತಾರೆ, ಕಾಯುತ್ತಾರೆ, ತೆರೆಯುತ್ತಾರೆ. ಬಟ್ಟೆ ಹಿಂಡುತ್ತಾರೆ.

ಶಾಲೆಯ ಪಾಠಕ್ಕೂ ದೇವರ ಮಾತಿಗೂ ಜಗಳವೇ ಎಂದು ಕೇಳುತ್ತೇನೆ. ಈ ಲೇಖನಕ್ಕಾಗಿ ನಾನು ಬರೆದುಕೊಂಡು ಬಂದಿದ್ದ ಪ್ರಶ್ನೆ ಅದೊಂದೇ. ಅಕ್ಕ ಪಕ್ಕೆಲುಬು ಒರೆಸುತ್ತಲೇ ಯೋಚಿಸುತ್ತಾರೆ. "ಇವಳು ಯಾರು ಅಂತ ಹೇಳಿದ್ದು ಪಾಠ. ಇವಳನ್ನ ಕರೀಬೇಕು ಅಂತ ಹೇಳಿದ್ದು ದೇವರು. ನನಗೆ ಎರಡೂ ಬೇಕಾಯ್ತು. ಜಗಳ ಇರೋದು ನನಗೂ ಅಣ್ಣನಿಗೂ. ಅದು ಬೇರೆ ಜಗಳ, ಅದು ನೋವು."

ಅಣ್ಣ ಕರೆಯದಿದ್ದರೆ ಏನು ಮಾಡುತ್ತೀರಿ ಎನ್ನುತ್ತೇನೆ. ಕೇಳಬಾರದಿತ್ತು, ಆದರೆ ನಾಲಿಗೆ ಜಾರಿಬಿಟ್ಟಿತ್ತು. ಅಕ್ಕನ ಬಟ್ಟೆ ಎಡ ಮುಂಗೈಯ ಗಂಟಿನ ಮೇಲೆ ನಿಲ್ಲುತ್ತದೆ. ಅವರ ತೋಳಿನ ಬಟ್ಟೆ ಮೇಲೆ ಸರಿದಿದೆ. ಎರಡು ಡೊಂಕು ಕೈಗಳು ಒಂದರ ಪಕ್ಕ ಒಂದು.

"ತಂಗಿ ಅಂತ ಸರಿಯಾಗಿ ಕರೆದ ಮೇಲೆ ಹೊರಟುಹೋಗ್ತಾಳೆ ಅಂದ್ಕೊಂಡಿದ್ದೆ," ಎನ್ನುತ್ತಾರೆ. "ದಾರಿ ತೆರೆದಿದೆ. ಬಾಗಿಲು ಅವಳೇ ತೆಗೀತಾಳೆ. ಆದ್ರೂ ಹೋಗಲ್ಲ. ಯಾಕಮ್ಮಾ ಅಂತ ದಿನಾ ಕೇಳ್ತಿದ್ದೆ. ಅಣ್ಣ ಸಭೇಲಿ ಆ ಮಾತು ಆಡಿದ ದಿನ ಗೊತ್ತಾಯ್ತು. ಅಣ್ಣ ಕರೆಯಲ್ಲ ಅನ್ನೋದು ಇವಳಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ನಿಂತಿದ್ದಾಳೆ. ನನ್ನನ್ನ ಅಕ್ಕಾ ಅಂತ ಕರೆದು, ಜೊತೇಲೇ ಕರ್ಕೊಂಡು ಹೋಗ್ತಾಳೆ."

ಶಾಲೆಯ ಬೀರುವಿಗೆ ಪ್ಲಾಸ್ಟಿಕ್ ಗೊಂಬೆ ಬರುತ್ತದೋ, ಈ ಮೂಳೆಗಳು ಮಣ್ಣಿಗೆ ಹೋಗುತ್ತವೋ, ಇಲಾಖೆಯ ಮೇಲಿನವರ ತೀರ್ಮಾನ ಇನ್ನೂ ಬಂದಿಲ್ಲ. ಮುಂದಿನ ವರ್ಷ ಅಕ್ಕನಿಗೆ ನಿವೃತ್ತಿ. ನಿಮ್ಮ ಆಸೆ ಏನು ಎಂದರೆ ಅವರು ಕೇಳುವುದು ಇಷ್ಟೇ: ತಾವು ಕಣ್ಣು ಮುಚ್ಚುವವರೆಗೆ ಬೀರು ಇಲ್ಲೇ ಇರಲಿ. ಆಮೇಲೆ ಅವಳಿಗೆ ಮಣ್ಣು ಕೊಡಲಿ, ಅಣ್ಣನ ಕೈಯಿಂದಲೇ ಕೊಡಿಸಲಿ. ಸಭೆಯಲ್ಲಿ ಮಕ್ಕಳಿಗಾಗಿ ಇರಲಿ ಎಂದಿದ್ದೆ, ಈಗ ಕೇಳುತ್ತಿರುವುದು ನನಗಾಗಿ ಎಂದೂ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಗೇಟಿನ ಕೀಲಿಯೊಂದನ್ನು ಮಾತ್ರ ಬಿಚ್ಚಿಕೊಂಡು, ಮಿಕ್ಕ ಗೊಂಚಲನ್ನು ಅವರ ಮೇಜಿನ ಮೇಲಿಟ್ಟು ಹೊರಡುತ್ತೇನೆ.

ವರಾಂಡದ ಅರ್ಧಕ್ಕೆ ಬಂದಿದ್ದೇನೆ. ಹಿಂದಿನಿಂದ ಎಳೆಯ ಹೆಣ್ಣುದನಿಯೊಂದು "ಅಕ್ಕಾ" ಎನ್ನುತ್ತದೆ. ಯಾವುದೋ ಹುಡುಗಿ ಬೇಗ ಬಂದಿರಬೇಕು ಎಂದುಕೊಂಡು ಎರಡು ಹೆಜ್ಜೆ ಮುಂದಿಡುತ್ತೇನೆ. ಆಮೇಲೆ ನೆನಪಾಗುತ್ತದೆ. ಗೇಟಿಗೆ ಬೀಗವಿದೆ. ಅದರ ಕೀಲಿ ನನ್ನ ಮುಷ್ಟಿಯಲ್ಲಿದೆ.

ತಿರುಗಿ ನೋಡುವ ಧೈರ್ಯವಾಗುವುದಿಲ್ಲ. ಕೊನೆಯ ಕೋಣೆಯಿಂದ ಬಟ್ಟೆ ಹಿಂಡಿದ ಸದ್ದು, ಅದರ ಹಿಂದೆಯೇ ಅಕ್ಕನ ದನಿ, ಹಟ ಮಾಡುವ ಚಿಕ್ಕವರನ್ನು ರಮಿಸುವಾಗಿನ ದನಿ.

"ಇನ್ನೂ ಇಲ್ಲ ಕಣೇ. ಈ ವರ್ಷದ ಪಾಠ ಮುಗೀಲಿ."